ಮಳೆನಾಡಿನ ಕುದುರೆ ಮತ್ತು ಕೆಸರುಹುಣ್ಣು

ವಿರಾಜಪೇಟೆಯಿಂದ ಹೊರಟು, ಪೆರುಂಬಾಡಿಯನ್ನು ದಾಟಿ, ದಟ್ಟ ಕಾಡಿನ ನಡುವೆ ತಿರುವು ತಿರುವಾಗಿ ಇಳಿಯುತ್ತ ಹೋದರೆ ಕರ್ನಾಟಕದ ಅಂಚಿನಲ್ಲಿ ಸಿಗುವ ಊರು ಮಾಕುಟ್ಟ. ಅಲ್ಲಿಂದ ಮುಂದೆ ಕೂಟುಪುಳೆಯ ಸೇತುವೆ, ಸೇತುವೆಯಾಚೆ ಕೇರಳ, ಇರಿಟ್ಟಿ, ಇನ್ನೂ ಮುಂದೆ ಕಣ್ಣೂರು ಮತ್ತು ತಲಚೇರಿ. ಈ ದಾರಿಯಲ್ಲಿ ಮಳೆಗಾಲದಲ್ಲಿ ಪ್ರಯಾಣ ಮಾಡಿದವರಿಗೆ ಅಲ್ಲಿಯ ಮಳೆಯ ವಿಷಯವನ್ನು ನಾನು ವಿವರಿಸಿ ಹೇಳಬೇಕಾಗಿಲ್ಲ. ಕಡಲಿನಿಂದ ಎದ್ದ ಮೋಡಗಳು ಘಟ್ಟದ ಗೋಡೆಗೆ ಬಡಿದು ಮೊದಲು ಭಾರವನ್ನು ಇಳಿಸುವುದೇ ಈ ಇಳಿಜಾರಿನಲ್ಲಿ. 2018ರ ಜೂನ್ ತಿಂಗಳಿನಲ್ಲಿ ಈ ಘಾಟಿರಸ್ತೆಯಲ್ಲಿ ಗುಡ್ಡಗಳು ಕುಸಿದು, ಮರಗಳು ಬುಡಮೇಲಾಗಿ, ಸಂಚಾರವೇ ನಿಂತುಹೋದದ್ದು ನಿಮ್ಮಲ್ಲಿ ಬಹಳ ಮಂದಿಗೆ ನೆನಪಿರಬಹುದು. ಜೂನ್ ಆರಂಭದಿಂದ ಸೆಪ್ಟೆಂಬರ್ ಕೊನೆಯವರೆಗೆ ಅಲ್ಲಿ ನೆಲವೆಂಬುದು ನೆಲವಾಗಿ ಉಳಿಯುವುದಿಲ್ಲ. ಅದು ಕೆಸರು, ಇಲ್ಲವೇ ಹರಿಯುವ ನೀರು.

ಇಂಥ ಊರಿನ ಅಂಚಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎರಡು ತಟ್ಟುಕುದುರೆಗಳನ್ನು ತಂದು ಸಾಕಿದ. ಅವುಗಳ ಕಾಲಿಗೆ ಬಂದ ರೋಗ, ಅದಕ್ಕೆ ನಡೆದ ಚಿಕಿತ್ಸೆ, ಮತ್ತು ಅದರಿಂದ ನಮಗೆಲ್ಲ ತಿಳಿದುಬಂದ ಸಂಗತಿಗಳನ್ನು ಈ ಸಲ ಬರೆಯಬೇಕೆಂದು ಹಲವು ದಿನಗಳಿಂದ ಅಂದುಕೊಂಡಿದ್ದೆ. ಕುದುರೆ ಸಾಕುವವರು ನಿಮ್ಮಲ್ಲಿ ಎಷ್ಟು ಮಂದಿ ಇದ್ದಾರೋ ಕಾಣೆ. ಆದರೆ ಹಸು, ಎತ್ತು, ಮೇಕೆ ಸಾಕುವವರು ಇದ್ದಾರೆ. ಗದ್ದೆಯ ಕೆಸರಿನಲ್ಲಿ ದಿನವಿಡೀ ನಿಲ್ಲುವವರು ಇದ್ದಾರೆ. ಮಳೆಯಲ್ಲಿ ನೆನೆಯುತ್ತ ಶಾಲೆಗೆ ಹೋಗುವ ಮಕ್ಕಳ ತಾಯಿತಂದೆಯರು ಇದ್ದಾರೆ. ಕೆಸರಿನ ಕಾಟ ಎಲ್ಲ ಕಾಲುಗಳಿಗೂ ಸಮಾನವಾದದ್ದು.

ಮೊದಲು ಒಂದು ಮಾತು. ಕೊಡಗು ಕುದುರೆಯ ನಾಡಲ್ಲ. ನಮ್ಮಲ್ಲಿ ದನ ಉಂಟು, ನಾಯಿ ಉಂಟು, ಹಂದಿ ಕೋಳಿ ಉಂಟು, ಕಾಡಿನಲ್ಲಿ ಆನೆಯೂ ಉಂಟು. ಕುದುರೆಗೆ ಬೇಕಾದದ್ದು ಗಟ್ಟಿಯಾದ ಒಣ ನೆಲ, ತೆರೆದ ಬಯಲು, ಚಿಕ್ಕ ಒಣ ಹುಲ್ಲು. ಆದ್ದರಿಂದಲೇ ನಮ್ಮ ರಾಜ್ಯದಲ್ಲಿ ಹೆಸರಾಂತ ಕುದುರೆ ಸಾಕಣೆ ಬೆಳೆದದ್ದು ಹೈದರ್ ಮತ್ತು ಟಿಪ್ಪುವಿನ ಕಾಲದಿಂದಲೂ ಕುಣಿಗಲ್ಲಿನಂಥ ಬಯಲುಸೀಮೆಯಲ್ಲಿ. ಹಾಗೆಂದು ಕುದುರೆಗಳು ನಮ್ಮ ಘಟ್ಟವನ್ನು ಕಂಡೇ ಇರಲಿಲ್ಲವೆಂದು ತಿಳಿಯಬಾರದು. ಹದಿನಾರನೆಯ ಶತಮಾನದ ಆರಂಭದಲ್ಲಿ ಕಣ್ಣೂರಿಗೆ ಬಂದಿದ್ದ ಇಟಲಿಯ ಪ್ರವಾಸಿ ವರ್ತೆಮಾ, ಪರ್ಷಿಯಾದಿಂದ ಬರುವ ಕುದುರೆಗಳು ಆ ಬಂದರಿನಲ್ಲಿ ಇಳಿಯುತ್ತಿದ್ದವೆಂದೂ, ಒಂದೊಂದು ಕುದುರೆಗೆ 25 ಡ್ಯುಕಾಟ್ ಸುಂಕವಿತ್ತೆಂದೂ, ಅಲ್ಲಿಂದ ಅವು ಒಳನಾಡಿನ ವಿಜಯನಗರ ರಾಜ್ಯದ ಕಡೆಗೆ ಸಾಗುತ್ತಿದ್ದವೆಂದೂ ಬರೆದಿದ್ದಾನೆ. ಕಣ್ಣೂರಿನಿಂದ ಒಳನಾಡಿಗೆ ಹೋಗುವ ಯಾವ ಕುದುರೆಯಾದರೂ ಪಶ್ಚಿಮಘಟ್ಟವನ್ನು ಏರಲೇಬೇಕಷ್ಟೆ. ಆ ಕಾಲದ ಹಾಯಿಹಡಗುಗಳು ಮುಂಗಾರಿನ ಅಬ್ಬರದ ತಿಂಗಳುಗಳಲ್ಲಿ ಮಲಬಾರಿನ ಬಂದರುಗಳಿಗೆ ಬರುತ್ತಿರಲಿಲ್ಲ. ಮಳೆ ಇಳಿದ ಮೇಲೆ ಬರುತ್ತಿದ್ದವು. ಹಾಗಾಗಿ ಕುದುರೆಗಳು ಘಟ್ಟ ಹತ್ತುತ್ತಿದ್ದದ್ದು ಒಣಗಾಲದಲ್ಲಿ. ಈ ಮಾತನ್ನು ಸ್ವಲ್ಪ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಒಣಗಾಲದ ಈ ನಿಯಮವನ್ನು ಮೀರಿದರೆ ಏನಾಗುತ್ತದೆಂಬುದಕ್ಕೂ ಚರಿತ್ರೆಯಲ್ಲಿ ಸಾಕ್ಷಿಯಿದೆ. 1791ರಲ್ಲಿ ಇಂಗ್ಲಿಷರ ಮುಂಬಯಿ ಸೈನ್ಯವು ಜನರಲ್ ಅಬರ್‌ಕ್ರಾಂಬಿಯ ನಾಯಕತ್ವದಲ್ಲಿ ಮಲಬಾರಿನಿಂದ ಘಟ್ಟ ಹತ್ತಿ, ಕೊಡಗಿನ ಮೂಲಕ ಪಿರಿಯಾಪಟ್ಟಣದತ್ತ ಬಂದಿತು. ಭಾರವಾದ ಫಿರಂಗಿಗಳನ್ನು ಈ ಕಡಿದಾದ ದಾರಿಯಲ್ಲಿ ಎಳೆದು ತರಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಆ ವರ್ಷದ ಮೇ ತಿಂಗಳಿನಲ್ಲಿ ಶ್ರೀರಂಗಪಟ್ಟಣದ ಸಮೀಪಕ್ಕೆ ಬಂದಿದ್ದ ಕಾರ್ನ್‌ವಾಲಿಸನು ಮೇವಿಲ್ಲದೆ, ರೋಗದಿಂದ, ಮಳೆಯಿಂದ ತನ್ನ ಎತ್ತುಗಳನ್ನು ರಾಶಿ ರಾಶಿಯಾಗಿ ಕಳೆದುಕೊಂಡು, ಕೋಟೆ ಮುರಿಯಲು ತಂದಿದ್ದ ಫಿರಂಗಿಗಳನ್ನು ತಾನೇ ನಾಶಪಡಿಸಿ ಹಿಂದಿರುಗಬೇಕಾಯಿತು. ಅಬರ್‌ಕ್ರಾಂಬಿಯೂ ಘಟ್ಟ ಇಳಿದು ಮಲಬಾರಿಗೆ ಮರಳಿದ. ಮರುವರ್ಷ ಯುದ್ಧ ಮುಗಿದ ಬಳಿಕ, ಅಂದರೆ 1792ರಲ್ಲಿ, ದೊಡ್ಡ ವೀರರಾಜೇಂದ್ರನು ಅಬರ್‌ಕ್ರಾಂಬಿಯನ್ನು ಭೇಟಿಯಾದ ನೆನಪಿಗಾಗಿ ಕಟ್ಟಿಸಿದ ಪೇಟೆಯೇ ನಮ್ಮ ವಿರಾಜಪೇಟೆ. ಚರಿತ್ರೆಯ ಪಾಠದಲ್ಲಿ ನಾನು ನಿಮಗೆ ರಾಜರ, ದಳಪತಿಗಳ ಹೆಸರುಗಳನ್ನು ಹೇಳಿಕೊಟ್ಟಿದ್ದೇನೆ. ಆ ಸೈನ್ಯಗಳ ನಡಿಗೆಯನ್ನು ನಿರ್ಧರಿಸಿದ್ದು ಎತ್ತು ಕುದುರೆಗಳ ಕಾಲು ಹೊಟ್ಟೆಗಳೆಂಬುದು ಪಠ್ಯಪುಸ್ತಕದಲ್ಲಿ ಅಷ್ಟಾಗಿ ಇರಲಿಲ್ಲ.

1854ರಲ್ಲಿ ಮಡಿಕೇರಿಯಲ್ಲಿ ಫೌಲರ್ ಎಂಬ ಇಂಗ್ಲಿಷನು ಕಾಫಿ ತೋಟವನ್ನು ತೆರೆದ ಮೇಲೆ ಕೊಡಗಿಗೆ ಯುರೋಪಿಯನ್ ತೋಟಗಾರರ ಕಾಲ ಬಂದಿತು. ದಕ್ಷಿಣ ಕೊಡಗಿನ ಕಾಫಿ ಎತ್ತಿನಗಾಡಿಗಳಲ್ಲಿ ಇದೇ ಪೆರುಂಬಾಡಿ ಘಾಟಿಯನ್ನು ಇಳಿದು ತಲಚೇರಿಯ ಕಡೆಗೆ ಹೋಗುತ್ತಿತ್ತು. ದೊರೆಗಳು ತೋಟದೊಳಗೆ ಓಡಾಡಲು ತಟ್ಟುಕುದುರೆಗಳನ್ನು ಇಟ್ಟುಕೊಂಡಿದ್ದರು. ನಮ್ಮ ತಂದೆಯವರು ರೈಟರಾಗಿದ್ದ ತೋಟದಲ್ಲಿ, ನಾನು ಹುಡುಗನಾಗಿದ್ದ 1950ರ ದಶಕದಲ್ಲಿಯೂ ಅಂಥ ಒಂದು ಮುದಿ ಕುದುರೆ ಉಳಿದಿತ್ತು. ಅದರ ಮೇಲೆ ಸವಾರಿ ಮಾಡುವವರು ಯಾರೂ ಇರಲಿಲ್ಲ. ಅದನ್ನು ನೋಡಿಕೊಳ್ಳಲು ಮೈಸೂರಿನ ಕಡೆಯಿಂದ ಬಂದು ನೆಲೆಸಿದ್ದ ಒಬ್ಬ ಮುದುಕರಿದ್ದರು. ನಾವು ಮಕ್ಕಳು ಅವರನ್ನು ಕಾಸ್ತಾರ ತಾತ ಎಂದು ಕರೆಯುತ್ತಿದ್ದೆವು.

ಕಾಸ್ತಾರ ತಾತನ ಒಂದು ಪದ್ಧತಿ ನನಗೆ ಬಹಳ ವಿಚಿತ್ರವಾಗಿ ಕಾಣುತ್ತಿತ್ತು. ಕುದುರೆ ಮೊಣಕಾಲಿನವರೆಗೂ ಕೆಸರು ಮೆತ್ತಿಕೊಂಡು ಬಂದರೂ ಅವರು ಕಾಲನ್ನು ತೊಳೆಯುತ್ತಿರಲಿಲ್ಲ. ಲಾಯದೊಳಗೆ ಒಣಹುಲ್ಲಿನ ಮೇಲೆ ನಿಲ್ಲಿಸಿ, ಹುಲ್ಲನ್ನು ಹಗ್ಗದಂತೆ ಹೊಸೆದು ಮಾಡಿದ ಹಿಡಿಯಿಂದ ಮೈಯನ್ನು ಮಾತ್ರ ತಿಕ್ಕುತ್ತಿದ್ದರು. ಕಾಲಿನ ಕೆಸರು ಒಣಗಿ ಬೂದಿಯ ಬಣ್ಣಕ್ಕೆ ಬಂದ ಮೇಲೆ ಬ್ರಷ್ಷಿನಿಂದ ಮೃದುವಾಗಿ ಉದುರಿಸುತ್ತಿದ್ದರು. "ತೊಳೆದರೆ ಬೇಗ ಹೋಗುವುದಿಲ್ಲವೇ ತಾತ?" ಎಂದು ನಾನು ಕೇಳಿದಾಗ, "ಮಗಾ, ಒಣಗಿದ ಕೆಸರು ತಾನಾಗಿ ಉದುರುತ್ತೆ, ನೀರು ಹಾಕಿದರೆ ಒಳಗೆ ಹೋಗುತ್ತೆ" ಎಂದರು. ಬಳಿಕ ಬೆರಳುಗಳಿಂದ ಗೊರಸಿನ ಹಿಂಭಾಗವನ್ನು ಕುರುಡರು ಓದುವಂತೆ ನಿಧಾನವಾಗಿ ತಡವುತ್ತಿದ್ದರು. ಅವರು ಏನನ್ನು ಹುಡುಕುತ್ತಿದ್ದರೆಂಬುದು ನನಗೆ ಅರ್ಥವಾದದ್ದು ಎಷ್ಟೋ ದಶಕಗಳ ಬಳಿಕ, ಮಾಕುಟ್ಟದ ಈ ಕುದುರೆಯ ಕಾಲನ್ನು ನೋಡಿದಾಗ.

ನನ್ನ ವಿದ್ಯಾರ್ಥಿ ಬೆಂಗಳೂರಿನ ಕೆಲಸವನ್ನು ಬಿಟ್ಟು ಊರಿಗೆ ಮರಳಿ, ಮನೆಯ ಪಕ್ಕದಲ್ಲಿ ಎರಡು ಕೋಣೆಗಳನ್ನು ಕಟ್ಟಿಸಿ ಹೋಮ್‌ಸ್ಟೇ ನಡೆಸುತ್ತಿದ್ದಾನೆ. ಬರುವ ಅತಿಥಿಗಳ ಮಕ್ಕಳಿಗೆ ಅಂಗಳದಲ್ಲಿ ನಾಲ್ಕು ಸುತ್ತು ಸವಾರಿ ಮಾಡಿಸಬಹುದೆಂಬ ಆಲೋಚನೆಯಿಂದ, ಸಾಲದ ಹಣದಲ್ಲಿ ಬಯಲುಸೀಮೆಯಿಂದ ಎರಡು ಹೆಣ್ಣು ತಟ್ಟುಗಳನ್ನು ತಂದ. ಒಂದು ಪೂರ್ತಿ ಕಪ್ಪು. ಇನ್ನೊಂದು ಕಂದುಬಣ್ಣದ್ದು, ನಾಲ್ಕು ಕಾಲುಗಳೂ ಮುಖದ ನಡುವೆಯೂ ಬಿಳುಪು. ಇಂಥದ್ದನ್ನು ನಮ್ಮ ಹಳಬರು ಪಂಚಕಲ್ಯಾಣಿ ಎಂದು ಕರೆದು ಬಹಳ ಶುಭವೆಂದು ಭಾವಿಸಿದ್ದರು. ಕನ್ನಡದಲ್ಲಿ ಅಭಿನವಚಂದ್ರನ ಅಶ್ವಶಾಸ್ತ್ರ, ಮೈಸೂರು ಅರಸರ ಆಶ್ರಯದಲ್ಲಿದ್ದ ಪದ್ಮಣಪಂಡಿತನ ಹಯಸಾರಸಮುಚ್ಚಯ ಮೊದಲಾದ ಗ್ರಂಥಗಳೇ ಇರುವಷ್ಟು ನಮ್ಮ ಪೂರ್ವಿಕರು ಕುದುರೆಯ ವಿಷಯವನ್ನು ಗಂಭೀರವಾಗಿ ಪರಿಗಣಿಸಿದ್ದರು. ಮಾರಿದವನು ಈ ಶುಭಲಕ್ಷಣಕ್ಕೆಂದು ಸ್ವಲ್ಪ ಹೆಚ್ಚು ಬೆಲೆಯನ್ನೇ ತೆಗೆದುಕೊಂಡಿದ್ದ. ಹುಡುಗನ ಮಗಳು ಅದಕ್ಕೆ ಕಲ್ಯಾಣಿ ಎಂದೇ ಹೆಸರಿಟ್ಟಳು.

ಬೇಸಿಗೆ ಚೆನ್ನಾಗಿಯೇ ಕಳೆಯಿತು. ಜೂನಿನಲ್ಲಿ ಮಳೆ ಹಿಡಿಯಿತು. ಕಕ್ಕಡ ತಿಂಗಳು ಕಾಲಿಡುವ ಹೊತ್ತಿಗೆ ಕಲ್ಯಾಣಿಯ ಹಿಂಗಾಲುಗಳಲ್ಲಿ, ಗೊರಸಿನ ಮೇಲ್ಭಾಗದ ಹಿಂಬದಿಯಲ್ಲಿ, ಕೂದಲು ಜಡೆಗಟ್ಟಿದಂತೆ ಅಂಟಿಕೊಂಡು ಸಣ್ಣ ಸಣ್ಣ ಹಕ್ಕಳೆಗಳು ಕಾಣಿಸಿದವು. ಹತ್ತು ದಿನಗಳಲ್ಲಿ ಅವು ಒಂದಕ್ಕೊಂದು ಕೂಡಿಕೊಂಡು, ಕೆಳಗಿನ ಚರ್ಮ ಬಿರಿದು, ಹಳದಿ ಕೀವು ಒಸರತೊಡಗಿತು. ಕಾಲು ಊದಿಕೊಂಡಿತು. ಮುಟ್ಟಲು ಹೋದರೆ ಸೌಮ್ಯವಾದ ಆ ಪ್ರಾಣಿ ಒದೆಯಲು ಬಂದಿತು. ಕಪ್ಪು ಕುದುರೆ ಅದೇ ಕೆಸರಿನಲ್ಲಿ ನಿಂತಿದ್ದರೂ ಅದಕ್ಕೆ ಏನೂ ಆಗಿರಲಿಲ್ಲ. ನೆರೆಯವರು ಬಂದು ನೋಡಿ, ಇದು ಕಾಲುಬಾಯಿ ಜ್ವರ, ದನಗಳಿಗೂ ಹಬ್ಬುತ್ತದೆ, ಎಲ್ಲಿಗಾದರೂ ಸಾಗಹಾಕು ಎಂದು ಹೆದರಿಸಿದರು. ಒಬ್ಬರು ಕಡಿಮೆ ಬೆಲೆಗೆ ಕೊಂಡುಕೊಳ್ಳಲೂ ಸಿದ್ಧರಾಗಿ ಬಂದರಂತೆ. ಅವರು ಅದನ್ನು ಏತಕ್ಕಾಗಿ ಕೊಳ್ಳುತ್ತಿದ್ದರೆಂದು ಹುಡುಗ ಕೇಳುವ ಧೈರ್ಯ ಮಾಡಲಿಲ್ಲ. ಆ ರಾತ್ರಿ ನನಗೆ ದೂರವಾಣಿ ಮಾಡಿ, "ಸಾರ್, ನೀವು ನಮಗೆ ಜೀವಶಾಸ್ತ್ರ ಹೇಳಿಕೊಟ್ಟವರು. ಕುದುರೆಗೆ ಕಾಲುಬಾಯಿ ಜ್ವರ ಬರುತ್ತದೆಯೇ?" ಎಂದು ಕೇಳಿದ.

ಬರುವುದಿಲ್ಲ. ಕಾಲುಬಾಯಿ ಜ್ವರದ ವೈರಸ್ ಸೀಳುಗೊರಸಿನ ಪ್ರಾಣಿಗಳಿಗೆ ತಗಲುತ್ತದೆ: ದನ, ಎಮ್ಮೆ, ಆಡು, ಕುರಿ, ಹಂದಿ. ಕುದುರೆಯದು ಒಂಟಿ ಗೊರಸು. ಅದಕ್ಕೆ ಆ ರೋಗವಿಲ್ಲ. ಇಷ್ಟನ್ನು ನಾನು ಧೈರ್ಯವಾಗಿ ಹೇಳಿದೆ. ಉಳಿದದ್ದಕ್ಕೆ ಸರಕಾರಿ ಪಶುವೈದ್ಯರನ್ನೇ ಕರೆಸಬೇಕೆಂದೂ, ಅವರು ಬರುವ ತನಕ ಯಾವ ಔಷಧಿಯನ್ನೂ ಹಚ್ಚಬಾರದೆಂದೂ ತಿಳಿಸಿದೆ. ಹೀಗೆ ಹೇಳಿದ್ದು ಒಳ್ಳೆಯದೇ ಆಯಿತು. ಏಕೆಂದರೆ ತೋಟದ ಆಳು ಕಾಫಿ ಮೆಣಸಿಗೆ ಬೋರ್ಡೋ ದ್ರಾವಣ ಮಾಡಲು ತಂದಿಟ್ಟಿದ್ದ ಮೈಲುತುತ್ತವನ್ನು ನೀರಿನಲ್ಲಿ ಕಲಸಿ ಹಚ್ಚಲು ಸಿದ್ಧನಾಗಿದ್ದ. ದನಗಳ ಗಟ್ಟಿ ಗೊರಸಿಗೆ ಮೈಲುತುತ್ತದ ನೀರನ್ನು ಬಳಸುವುದುಂಟು. ಬಿರಿದ ಹಸಿ ಚರ್ಮಕ್ಕೆ ಅದು ಬೆಂಕಿ ಇದ್ದಂತೆ. ಸೀಮೆಎಣ್ಣೆ, ಗಾಡಿಯ ಹಳೆಯ ಆಯಿಲ್, ಸುಣ್ಣ, ಇವೆಲ್ಲವೂ ಹಾಗೆಯೇ; ಇದ್ದ ಚರ್ಮವನ್ನೂ ಸುಟ್ಟು, ರೋಗಕ್ಕೆ ಇನ್ನಷ್ಟು ದೊಡ್ಡ ಬಾಗಿಲನ್ನು ತೆರೆಯುತ್ತವೆ.

ಮರುದಿನ ವೈದ್ಯರು ಬಂದರು. ನಾನೂ ಬಸ್ಸು ಹಿಡಿದು ಹೋಗಿದ್ದೆ. ಅವರು ನೋಡಿ ಹೇಳಿದ್ದನ್ನೂ, ಬಳಿಕ ನಾನು ಓದಿ ತಿಳಿದುಕೊಂಡದ್ದನ್ನೂ ಕೂಡಿಸಿ ಬರೆಯುತ್ತೇನೆ.

ಇಂಗ್ಲಿಷಿನಲ್ಲಿ ಇದಕ್ಕೆ ಮಡ್ ಫೀವರ್ ಎಂದು ಹೆಸರು. ಹೆಸರಿನಲ್ಲಿ ಜ್ವರವಿದ್ದರೂ ಇದು ಜ್ವರವಲ್ಲ, ಚರ್ಮದ ರೋಗ. ಕನ್ನಡದಲ್ಲಿ ಕೆಸರುಹುಣ್ಣು ಎನ್ನಬಹುದು. ಇದಕ್ಕೆ ಬಹುಮಟ್ಟಿಗೆ ಕಾರಣವಾದದ್ದು ಡರ್ಮಟೋಫಿಲಸ್ ಕಾಂಗೊಲೆನ್ಸಿಸ್ ಎಂಬ ಬ್ಯಾಕ್ಟೀರಿಯ. 1915ರಲ್ಲಿ ಆಗಿನ ಬೆಲ್ಜಿಯನ್ ಕಾಂಗೋದಲ್ಲಿ ವಾನ್ ಸೇಸಗೆಮ್ ಎಂಬ ಪಶುವೈದ್ಯನು ದನಗಳ ಚರ್ಮದಲ್ಲಿ ಇದನ್ನು ಗುರುತಿಸಿದ್ದರಿಂದ ಆ ಹೆಸರು ಬಂದಿತು. ಈ ಜೀವಿ ಒಣಗಿದ ಹಕ್ಕಳೆಯಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಮಲಗಿರಬಲ್ಲದು. ನೀರು ತಗಲಿದೊಡನೆ ಈಜಬಲ್ಲ ಸೂಕ್ಷ್ಮ ಕಣಗಳಾಗಿ ಹೊರಬಿದ್ದು ಹೊಸ ಚರ್ಮವನ್ನು ಹುಡುಕುತ್ತದೆ. ಆದರೆ ಗಟ್ಟಿಯಾದ, ಒಡಕಿಲ್ಲದ ಚರ್ಮವನ್ನು ಅದು ತಾನಾಗಿ ಭೇದಿಸಲಾರದು. ಅದಕ್ಕೆ ಮೊದಲು ಚರ್ಮ ಸೋಲಬೇಕು. ಬಹಳ ಹೊತ್ತು ನೀರಿನಲ್ಲಿ ನೆನೆದಾಗ ನಮ್ಮ ಬೆರಳುಗಳ ತುದಿ ಬೆಳ್ಳಗೆ ಸುಕ್ಕಾಗಿ ಮೆತ್ತಗಾಗುವುದಿಲ್ಲವೇ, ಕುದುರೆಯ ಹಿಮ್ಮಡಿಯೂ ಹಾಗೆಯೇ ಮೆತ್ತಗಾಗುತ್ತದೆ. ಅದರ ಮೇಲೆ ಕೆಸರಿನ ಮರಳು ಉಜ್ಜುತ್ತದೆ, ಮುಳ್ಳು ಗೀರುತ್ತದೆ. ನಮ್ಮ ಕಡೆ ಜಿಗಣೆಯ ಕಡಿತವೂ ಸೇರಿಕೊಳ್ಳುತ್ತದೆ. ಅಷ್ಟು ಬಾಗಿಲು ಸಿಕ್ಕರೆ ಸಾಕು. ಇದೇ ಜೀವಿ ಬೆನ್ನಿನ ಮೇಲೆ ಸತತವಾಗಿ ಮಳೆ ಬಿದ್ದಾಗ ಅಲ್ಲಿಯೂ ಹಕ್ಕಳೆಗಳನ್ನು ಎಬ್ಬಿಸುತ್ತದೆ. ಒಳಗೆ ಹೋದ ಮೇಲೆ ಕೀವು ಮಾಡುವ ಬೇರೆ ಬ್ಯಾಕ್ಟೀರಿಯಗಳೂ ಜೊತೆಗೂಡುತ್ತವೆ.

ಬಿಳಿಯ ಕಾಲಿಗೆ ಮಾತ್ರ ಏಕೆ? ಬಿಳಿ ಕೂದಲಿನ ಕೆಳಗಿನ ಚರ್ಮ ನಸುಗೆಂಪಾಗಿದ್ದು, ಕಪ್ಪು ಚರ್ಮಕ್ಕಿಂತ ಬೇಗ ನೋಯುವಂಥದ್ದು. ಕಪ್ಪು ಕಾಲಿಗೂ ರೋಗ ಬರಬಹುದು. ಆದರೆ ಬಿಳಿಯ ಕಾಲಿಗೆ ಮೊದಲು ಬರುತ್ತದೆ, ಹೆಚ್ಚು ಬರುತ್ತದೆ. ಶುಭಲಕ್ಷಣವೆಂದು ಹೆಚ್ಚು ಹಣ ಕೊಟ್ಟ ನಾಲ್ಕು ಬಿಳಿಗಾಲುಗಳೇ ಮಾಕುಟ್ಟದ ಮಳೆಯಲ್ಲಿ ಅದರ ದೌರ್ಬಲ್ಯವಾದವು.

ವೈದ್ಯರು ಹೇಳಿದ ಇನ್ನೊಂದು ಸಂಗತಿ ದನ ಸಾಕುವವರೂ ತಿಳಿಯಬೇಕಾದದ್ದು. ಕಾಲಿನಲ್ಲಿ ಹಕ್ಕಳೆ ಕಂಡದ್ದೆಲ್ಲ ಕೆಸರುಹುಣ್ಣಲ್ಲ. ಚರ್ಮವನ್ನು ಕೊರೆಯುವ ಸಣ್ಣ ನುಸಿಗಳಿಂದಲೂ ಹೀಗಾಗಬಹುದು. ನಮ್ಮ ಬೇಲಿಗಳಲ್ಲಿ, ಕಾಡಿನಂಚಿನಲ್ಲಿ ಎಲ್ಲೆಡೆ ಹಬ್ಬಿರುವ ಲಂಟಾನದ ಎಲೆಯನ್ನು ಮೇವಿಲ್ಲದ ದನಗಳು ತಿಂದರೆ ಅವುಗಳ ಪಿತ್ತಜನಕಾಂಗ ಕೆಟ್ಟು, ಬಿಸಿಲು ಬಿದ್ದಾಗ ಮೈಯ ಬಿಳಿಯ ಭಾಗಗಳು ಸುಟ್ಟಂತಾಗಿ ಸುಲಿಯುತ್ತವೆ. ಹೊರಗಿನಿಂದ ನೋಡಿದರೆ ಅದೂ ಚರ್ಮರೋಗದಂತೆಯೇ ಕಾಣುತ್ತದೆ. ಆದರೆ ಎಷ್ಟು ಮುಲಾಮು ಹಚ್ಚಿದರೂ ಗುಣವಾಗದು, ಏಕೆಂದರೆ ರೋಗವಿರುವುದು ಹೊಟ್ಟೆಯೊಳಗೆ. ಆದ್ದರಿಂದ ಒಮ್ಮೆಯಾದರೂ ವೈದ್ಯರ ಕಣ್ಣಿಗೆ ಬೀಳಲೇಬೇಕು.

ಚಿಕಿತ್ಸೆಯ ಮೊದಲ ಔಷಧಿ ಒಣ ನೆಲ. ಪ್ರಾಣಿಯನ್ನು ಕೆಸರಿನಿಂದ ಹೊರಗೆ ತಾರದೆ ಏನು ಮಾಡಿದರೂ ವ್ಯರ್ಥ. ಹುಡುಗ ತನ್ನ ಜೀಪು ನಿಲ್ಲಿಸುವ ಶೆಡ್ಡನ್ನೇ ತೆರವು ಮಾಡಿ, ಒಣಹುಲ್ಲು ಹಾಸಿ, ಎರಡೂ ಕುದುರೆಗಳನ್ನು ಅಲ್ಲಿ ಕಟ್ಟಿದ. ಬಳಿಕ ರೋಗವಿದ್ದ ಜಾಗದ ಉದ್ದ ಕೂದಲನ್ನು ಗಾಯವಾಗದಂತೆ ಕತ್ತರಿಸಿದರು. ಹಕ್ಕಳೆಗಳನ್ನು ಒಣಗಿದ್ದಾಗ ಕೀಳಬಾರದು. ಅದು ಪ್ರಾಣಿಗೆ ಪ್ರಾಣಸಂಕಟ, ಹೊಸ ಗಾಯವೂ ಆಗುತ್ತದೆ. ವೈದ್ಯರು ಕೊಟ್ಟ ಮೃದುವಾದ ಮುಲಾಮನ್ನು ರಾತ್ರಿ ಹಚ್ಚಿ, ಮರುದಿನ ಬೆಚ್ಚನೆಯ ನೀರಿನಲ್ಲಿ ನೆನೆಸಿದಾಗ ಅವು ತಾವಾಗಿ ಸಡಿಲಗೊಂಡವು. ಸಡಿಲವಾದಷ್ಟನ್ನು ಮಾತ್ರ ತೆಗೆದು, ಉಳಿದದ್ದನ್ನು ಮರುದಿನಕ್ಕೆ ಬಿಟ್ಟರು. ಹಕ್ಕಳೆಯನ್ನು ತೆಗೆಯುವುದು ಅಗತ್ಯವೇಕೆಂದರೆ, ಆ ಬ್ಯಾಕ್ಟೀರಿಯ ಅದರ ಕೆಳಗೆ, ಗಾಳಿ ಸೋಕದ ಕಡೆಯಲ್ಲಿ ಸುಖವಾಗಿರುತ್ತದೆ. ಮೇಲಿನಿಂದ ಹಚ್ಚಿದ ಔಷಧಿ ಅಲ್ಲಿಗೆ ತಲುಪುವುದಿಲ್ಲ. ಕಿತ್ತ ಹಕ್ಕಳೆಗಳನ್ನು ನೆಲದಲ್ಲಿ ಚೆಲ್ಲದೆ ಸುಟ್ಟುಹಾಕಬೇಕು. ಈ ರೋಗ ಮನುಷ್ಯರ ಚರ್ಮಕ್ಕೂ ಅಪರೂಪವಾಗಿ ತಗಲುವುದುಂಟು, ಆದ್ದರಿಂದ ಕೈಗವಸು ಬೇಕು.

ಆಮೇಲೆ ತೊಳೆಯುವ ಕ್ರಮ. ಕ್ಲೋರ್‌ಹೆಕ್ಸಿಡಿನ್ ಅಥವಾ ಪೊವಿಡೋನ್ ಅಯೋಡಿನ್ ದ್ರಾವಣವನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ನೀರಿನಲ್ಲಿ ತೆಳುಗೊಳಿಸಬೇಕು. ಅಯೋಡಿನ್ ನೀರು ತೆಳುವಾದ ಚಹಾದ ಬಣ್ಣಕ್ಕೆ ಬಂದರೆ ಸಾಕು. ಹೆಚ್ಚು ಗಾಢವಾದರೆ ಹೆಚ್ಚು ಗುಣವಲ್ಲ, ಹೆಚ್ಚು ಉರಿ. ಹಚ್ಚಿ ಹತ್ತು ನಿಮಿಷ ಬಿಟ್ಟು, ಶುದ್ಧ ನೀರಿನಿಂದ ತೊಳೆಯಬೇಕು. ಅದಾದ ಮೇಲೆ ಬರುವುದೇ ಎಲ್ಲಕ್ಕಿಂತ ಮುಖ್ಯವಾದ ಕೆಲಸ: ಒರೆಸುವುದು. ಒಗೆದ ಬಟ್ಟೆಯಿಂದ ಒತ್ತಿ ಒತ್ತಿ, ಸಂದುಗೊಂದುಗಳ ತೇವವೂ ಹೋಗುವಂತೆ ಒಣಗಿಸಬೇಕು. ಒಣಗಿಸದೆ ಮುಲಾಮು ಹಚ್ಚಿದರೆ ರೋಗವನ್ನು ಒಳಗೆ ಕೂಡಿಹಾಕಿ ಬಾಗಿಲು ಮುಚ್ಚಿದಂತೆ. ಕಲ್ಯಾಣಿಯ ಕಾಲು ಊದಿದ್ದರಿಂದ ವೈದ್ಯರು ಪೆನಿಸಿಲಿನ್ ಚುಚ್ಚುಮದ್ದನ್ನೂ ಕೊಟ್ಟರು. ಕುದುರೆಗಳಿಗೆ ಧನುರ್ವಾಯು ಬಹು ಸುಲಭವಾಗಿ ತಗಲುವುದರಿಂದ ಅದರ ಲಸಿಕೆಯ ವಿಷಯವನ್ನೂ ವಿಚಾರಿಸಿದರು. ಕೆಸರಿನಲ್ಲಿರುವ ಗಾಯಕ್ಕೆ ಈ ವಿಚಾರಣೆ ಬಹಳ ಅಗತ್ಯ.

ಮೂರು ವಾರ ಬೇಕಾಯಿತು. ಹುಡುಗನ ಪತ್ನಿಯೇ ದಿನವೂ ಸಂಜೆ ಆ ಕಾಲುಗಳನ್ನು ಒರೆಸಿದವಳು. ಮೊದಲ ದಿನಗಳಲ್ಲಿ ಇಬ್ಬರು ಹಿಡಿಯಬೇಕಾಗಿತ್ತು. ಎರಡನೆಯ ವಾರದಲ್ಲಿ ಕಲ್ಯಾಣಿ ಅವಳ ಹೆಜ್ಜೆಯ ಸಪ್ಪಳ ಕೇಳಿದರೆ ತಾನಾಗಿಯೇ ಕಾಲು ಸಡಿಲಿಸಿ ನಿಲ್ಲುತ್ತಿತ್ತಂತೆ. ಕೈಲ್‌ಪೋಳ್ದ್ ಹಬ್ಬದ ಹೊತ್ತಿಗೆ ಹೊಸ ಕೂದಲು ಬರತೊಡಗಿತ್ತು.

ಆದರೆ ಗುಣವಾಯಿತೆಂದು ಕಥೆ ಮುಗಿಯಲಿಲ್ಲ. ಮುಂದಿನ ಜೂನಿನಲ್ಲಿ ಏನು ಮಾಡುವುದು? ಒಮ್ಮೆ ಬಂದ ಕಾಲಿಗೆ ಮತ್ತೆ ಬರುವ ಸಂಭವ ಹೆಚ್ಚು. ಇಲ್ಲಿ ನಾವು ಕುಳಿತು ಬಹಳ ಚರ್ಚೆ ಮಾಡಿದೆವು. ಮಾಡಬಹುದಾದ ಕೆಲಸಗಳು ಕೆಲವಿದ್ದವು. ಕುದುರೆಗಳು ಹೆಚ್ಚಾಗಿ ನಿಲ್ಲುವುದು ಗೇಟಿನ ಬಳಿ, ನೀರಿನ ತೊಟ್ಟಿಯ ಬಳಿ, ಹುಲ್ಲು ಹಾಕುವ ಜಾಗದಲ್ಲಿ, ಕೆಸರಾಗುವುದೂ ಅಲ್ಲಿಯೇ. ಆ ಮೂರು ಕಡೆಗಳಲ್ಲಿ ಮಣ್ಣನ್ನು ತೆಗೆದು, ಕಲ್ಲು ಜಲ್ಲಿಗಳನ್ನು ಹಾಸಿ, ನೀರು ಹರಿದುಹೋಗಲು ಕಾಲುವೆ ತೋಡಿದರು. ಶೆಡ್ಡಿನ ನೆಲವನ್ನು ಅರ್ಧ ಅಡಿ ಎತ್ತರಿಸಿದರು. ಬ್ರಷ್ಷು, ಬಟ್ಟೆಗಳನ್ನು ಎರಡು ಕುದುರೆಗಳಿಗೆ ಬೇರೆ ಬೇರೆಯಾಗಿ ಇಟ್ಟರು. ಕೆಸರನ್ನು ತೊಳೆಯದೆ, ಒಣಗಿದ ಮೇಲೆ ಉದುರಿಸುವ ಕಾಸ್ತಾರ ತಾತನ ಪದ್ಧತಿಯನ್ನು ನಾನೇ ಹೇಳಿಕೊಟ್ಟೆ. ತೊಳೆಯಲೇಬೇಕಾಗಿ ಬಂದರೆ ಒರೆಸದೆ ಬಿಡಬಾರದೆಂಬ ಕಟ್ಟಪ್ಪಣೆಯೊಂದಿಗೆ. ದಿನಕ್ಕೊಮ್ಮೆ ಬೆರಳಿನಿಂದ ಹಿಮ್ಮಡಿಯನ್ನು ತಡವಿ ನೋಡುವುದನ್ನೂ ಹೇಳಿದೆ. ಉದ್ದ ಕೂದಲಿನ ಕೆಳಗೆ ಮೊದಲ ಹಕ್ಕಳೆ ಕಣ್ಣಿಗೆ ಬೀಳುವ ಮುನ್ನ ಬೆರಳಿಗೆ ಅಕ್ಕಿಕಾಳಿನಂತೆ ಸಿಗುತ್ತದೆ. ಆಗಲೇ ಹಿಡಿದರೆ ನಾಲ್ಕು ದಿನದ ಕೆಲಸ, ಬಿಟ್ಟರೆ ನಾಲ್ಕು ವಾರದ ಕೆಲಸ.

ಇಷ್ಟೆಲ್ಲ ಮಾಡಿದರೂ ಮಾಕುಟ್ಟದ ಮಳೆಯನ್ನು ತಡೆಯಲಾದೀತೇ? ನಾಲ್ಕು ತಿಂಗಳು ಕುದುರೆಯನ್ನು ಶೆಡ್ಡಿನಲ್ಲಿಯೇ ಕಟ್ಟಿಹಾಕುವುದು ಇನ್ನೊಂದು ಬಗೆಯ ಹಿಂಸೆ; ಅದು ನಡೆಯಲು, ಮೇಯಲು ಹುಟ್ಟಿದ ಪ್ರಾಣಿ. ಆಗ ನಾನು ಚರಿತ್ರೆಯ ಮಾತನ್ನು ತೆಗೆದೆ. ಹಳೆಯ ಕಾಲದಲ್ಲಿ ಕುದುರೆಗಳು ಈ ಘಟ್ಟವನ್ನು ದಾಟುತ್ತಿದ್ದದ್ದು ಮಳೆ ಮುಗಿದ ಮೇಲೆ. ಮಳೆಗಾಲದಲ್ಲಿ ಇಲ್ಲಿ ನಿಲ್ಲುತ್ತಿರಲಿಲ್ಲ. ನಮ್ಮ ಕೊಡಗು ಚಿಕ್ಕ ಜಿಲ್ಲೆಯಾದರೂ ಮಳೆಯಲ್ಲಿ ಎರಡು ಮೂರು ನಾಡುಗಳಿದ್ದಂತೆ. ಪಶ್ಚಿಮದ ಭಾಗಮಂಡಲದಲ್ಲಿ ವರ್ಷಕ್ಕೆ 5000 ಮಿಲಿಮೀಟರ್ ದಾಟುವುದು ಸಾಮಾನ್ಯವಾದರೆ, ಪೂರ್ವದ ಕುಶಾಲನಗರದ ಕಡೆ ಸಾವಿರದ ಆಸುಪಾಸು. ಪಿರಿಯಾಪಟ್ಟಣ, ಹುಣಸೂರುಗಳಲ್ಲಿ ಇನ್ನೂ ಕಡಿಮೆ. ಹುಡುಗನ ಭಾವಮೈದುನನಿಗೆ ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಹೊಲವೂ ಸ್ವಲ್ಪ ಬೀಳು ಭೂಮಿಯೂ ಇದೆ. ಮೇ ತಿಂಗಳ ಕೊನೆಯಲ್ಲಿ ಕುದುರೆಗಳನ್ನು ಅಲ್ಲಿಗೆ ಕಳುಹಿಸಿ, ಮಳೆ ಕಳೆದ ಮೇಲೆ ಮರಳಿ ತರುವುದೆಂದು ಕೊನೆಗೆ ತೀರ್ಮಾನವಾಯಿತು.

ಈ ತೀರ್ಮಾನ ಅವನಿಗೆ ಸುಲಭವಾಗಿರಲಿಲ್ಲ. ಮಳೆ ನೋಡಲೆಂದೇ ಬರುವ ಅತಿಥಿಗಳು ಹೆಚ್ಚಾಗಿರುವ ತಿಂಗಳುಗಳಲ್ಲಿಯೇ ಕುದುರೆಗಳು ಇಲ್ಲವಾಗುತ್ತವೆ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. "ಸಾರ್, ಲೆಕ್ಕ ಹಾಕಿದರೆ ಮಾರಿಬಿಡುವುದೇ ಲಾಭ" ಎಂದ. ಲೆಕ್ಕ ಸರಿಯಾಗಿಯೇ ಇತ್ತು. ಅವನು ಶಾಲೆಯಲ್ಲಿಯೂ ಲೆಕ್ಕದಲ್ಲಿ ಚುರುಕಾಗಿದ್ದವನೇ. ಆದರೆ ಯಾರಿಗೆ ಮಾರುವುದು ಎಂಬ ಪ್ರಶ್ನೆಗೆ ಅವನ ಮಗಳು ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವನು ಮಾರಲಿಲ್ಲ. ಈಗ ಎರಡು ಮಳೆಗಾಲಗಳು ಹಾಗೆ ಕಳೆದಿವೆ. ಕಲ್ಯಾಣಿಯ ಒಂದು ಹಿಮ್ಮಡಿಯಲ್ಲಿ ಕೂದಲು ಬಾರದ ಸಣ್ಣ ಕಲೆ ಉಳಿದಿದೆ. ಹುಣ್ಣು ಮರಳಿ ಬಂದಿಲ್ಲ.

ಇದನ್ನು ಬರೆಯುತ್ತಿರುವಾಗ ನನಗೆ ಕುದುರೆಗಿಂತ ಹೆಚ್ಚಾಗಿ ನಿಮ್ಮ ಕಾಲುಗಳೇ ನೆನಪಾಗುತ್ತಿವೆ. ನನ್ನ ಮೊದಲ ವರ್ಷಗಳ ತರಗತಿಯಲ್ಲಿ ಮಳೆಗಾಲವೆಂದರೆ ಬೆಂಚಿನ ಕೆಳಗೆ ಸಾಲಾಗಿ ಒದ್ದೆಯಾದ ಬರಿಗಾಲುಗಳು. ನಾಲ್ಕೈದು ಮೈಲಿ ಗದ್ದೆಯ ಬದುಗಳ ಮೇಲೆ ನಡೆದು ಬಂದ ಮಕ್ಕಳ ಕಾಲ್ಬೆರಳುಗಳ ಸಂದಿನಲ್ಲಿ ಚರ್ಮ ಬೆಳ್ಳಗೆ ಕೊಳೆತು ಬಿರಿದಿರುತ್ತಿತ್ತು. ಒಬ್ಬಳು ಹುಡುಗಿ ಕಾಲನ್ನು ಸದಾ ಲಂಗದೊಳಗೆ ಮುಚ್ಚಿಕೊಂಡು ಕೂರುತ್ತಿದ್ದಳು. ಕರಿಹಲಗೆಯ ಬಳಿ ಕರೆದರೆ ಏಳುತ್ತಿರಲಿಲ್ಲ. ಅಹಂಕಾರವೆಂದು ಉಳಿದ ಮಕ್ಕಳು ಆಡಿಕೊಳ್ಳುತ್ತಿದ್ದರು. ನಡೆದರೆ ಅವಳಿಗೆ ನೋವಾಗುತ್ತಿತ್ತು, ಅಷ್ಟೆ. ಅಂದಿನಿಂದ ತರಗತಿಯ ಬಾಗಿಲಲ್ಲಿ ಗೋಣಿಚೀಲ ಹಾಸಿ, ಒಂದು ಹಳೆಯ ಪಂಚೆಯನ್ನು ಹರಿದು ತೂಗುಹಾಕಿ, ಒಳಗೆ ಬಂದವರೆಲ್ಲ ಬೆರಳುಗಳ ಸಂದನ್ನು ಒರೆಸಿಕೊಂಡೇ ಕೂರಬೇಕೆಂದು ನಿಯಮ ಮಾಡಿದೆ. ಆ ಗೋಣಿಚೀಲ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಅದನ್ನು ಮೇಷ್ಟ್ರ ಮಡಿ ಎಂದು ನೀವು ಹಿಂದಿನಿಂದ ನಗುತ್ತಿದ್ದದ್ದೂ ನನಗೆ ಗೊತ್ತಿತ್ತು.

1914ರಿಂದ 1918ರವರೆಗಿನ ಮಹಾಯುದ್ಧದಲ್ಲಿ ಕಂದಕಗಳ ಕೆಸರಿನಲ್ಲಿ ನಿಂತ ಸಾವಿರಾರು ಸೈನಿಕರ ಪಾದಗಳು ಹೀಗೆಯೇ ಕೊಳೆತವು; ಎಷ್ಟೋ ಮಂದಿ ಬೆರಳುಗಳನ್ನು ಕಳೆದುಕೊಂಡರು. ಅದಕ್ಕೆ ಕಂಡುಕೊಂಡ ಪರಿಹಾರವೂ ದೊಡ್ಡ ಔಷಧಿಯೇನಲ್ಲ: ದಿನವೂ ಕಾಲನ್ನು ಒಣಗಿಸಿ, ತಿಮಿಂಗಿಲದ ಎಣ್ಣೆ ತಿಕ್ಕಿ, ಒಣ ಕಾಲುಚೀಲ ಹಾಕಿಕೊಳ್ಳುವುದು, ಮತ್ತು ಒಬ್ಬರ ಕಾಲನ್ನು ಇನ್ನೊಬ್ಬರು ಪರೀಕ್ಷಿಸುವುದು. ನಮ್ಮ ಹೆಂಗಸರು ನಾಟಿಯ ದಿನಗಳಲ್ಲಿ ಕಾಲಿಗೆ ಗೋರಂಟಿ ಹಚ್ಚಿಕೊಳ್ಳುತ್ತಿದ್ದದ್ದು, ರಾತ್ರಿ ಒಲೆಯ ಮುಂದೆ ಕಾಲು ಕಾಯಿಸಿ ಅರಿಶಿನದ ಕೊಬ್ಬರಿ ಎಣ್ಣೆ ಸವರುತ್ತಿದ್ದದ್ದು ಇದೇ ಕಾಳಜಿಯಿಂದ. ಅದರಲ್ಲಿ ಎಣ್ಣೆಗಿಂತ ಹೆಚ್ಚು ಕೆಲಸ ಮಾಡಿದ್ದು ಒಲೆಯ ಮುಂದೆ ಒಣಗಿದ ಆ ಒಂದು ಗಂಟೆಯೇ ಇರಬೇಕೆಂದು ನನಗೆ ತೋರುತ್ತದೆ.

ಮುಂಗಾರು ಬರುವ ಮುನ್ನ ನಿಮ್ಮ ಕೊಟ್ಟಿಗೆಯ ನೆಲವನ್ನು ಒಮ್ಮೆ ನೋಡಿ. ನೀರು ನಿಲ್ಲುವ ಕಡೆ ನಾಲ್ಕು ಬುಟ್ಟಿ ಜಲ್ಲಿ ಹಾಕಿಸಿ. ಮಾತು ಬಾರದ ಪ್ರಾಣಿ ಒದೆಯಲು ಬಂದರೆ ಬೈಯುವ ಮೊದಲು ಅದರ ಕಾಲನ್ನು ನೋಡಿ. ಮಾತು ಬರುವ ಮಗು ಎದ್ದು ಬಾರದಿದ್ದರೂ ಹಾಗೆಯೇ. ದನಕರುಗಳಿಗೆ ಇಂಥ ಹುಣ್ಣು ಬಂದು ಗುಣಪಡಿಸಿದ ಅನುಭವ ನಿಮ್ಮಲ್ಲಿ ಯಾರಿಗಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ. ಮಾಕುಟ್ಟದ ಆ ಹುಡುಗನಿಗೂ ಓದಿ ಹೇಳುತ್ತೇನೆ.